ಲಾಯ್ರಮ್ಮನ ದೊಡ್ಡ ಎಂಜಿನ್ನು

ಹೋದ ತಿಂಗಳು ಹೊಳೆನರಸೀಪುರ ಕೋರ್ಟಿನ ಬಾರ್ ರೂಮಿನಲ್ಲಿ ನಮ್ಮ ಸೀನಿಯರ್ ಮೇಡಂ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಮೌನ ಆಚರಿಸಿ ಎಲ್ಲರೂ ಕೂತ ಮೇಲೆ ಹಿರಿಯ ವಕೀಲರೊಬ್ಬರು ಮಾತಿಗೆ ನಿಂತರು. ‘ಇಷ್ಟು ವರ್ಷದ ವಕೀಲಿಯಲ್ಲಿ ಆಕೆ ಒಂದು ದಿನವೂ ಬಿಸಿಯಾದದ್ದನ್ನು ನಾನು ಕಂಡಿಲ್ಲ’ ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅವರ ಪಕ್ಕದವರು ಕರ್ಚೀಫು ತೆಗೆದು ಬಾಯಿಗೆ ಒತ್ತಿಕೊಂಡರು. ಗುಮಾಸ್ತರೊಬ್ಬರು ಎದ್ದು ಹೊರಗೇ ಹೋಗಿಬಿಟ್ಟರು. ತಾವು ಆಡಿದ್ದೇನೆಂದು ಆಮೇಲೆ ಹೊಳೆದು ಭಾಷಣದವರೂ ಒಂದು ಗಳಿಗೆ ತಡವರಿಸಿದರು. ಮೇಡಂ ಬಿಸಿಯಾದವರಲ್ಲ, ನಿಜ. ಬಿಸಿಯಾಗುತ್ತಿದ್ದದ್ದು ಅವರ ಕಾರು. ಅದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಕೋರ್ಟಿನ ಕಾಂಪೌಂಡಿಗೆ ಗೊತ್ತಿದ್ದ ವಿಷಯ.

ನಾನು ಅವರ ಹತ್ತಿರ ಜೂನಿಯರ್ ಆಗಿ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಕುಳ್ಳಗಿನ ಸಣ್ಣ ಆಳು. ಗಂಜಿ ಹಾಕಿದ ಹತ್ತಿ ಸೀರೆ, ಅದರ ಮೇಲೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಹಸಿರಿಗೆ ತಿರುಗಿದ ಕರೀ ಕೋಟು. ಮನೆ ಹೊಳೆನರಸೀಪುರದಲ್ಲೇ, ದೇವಸ್ಥಾನದ ಬೀದಿಯಲ್ಲಿ. ತಂದೆಯೂ ವಕೀಲರಾಗಿದ್ದವರು. ಅವರು ಮಗಳಿಗೆ ಬಿಟ್ಟುಹೋದದ್ದು ಒಂದು ಬೀರು ತುಂಬ ಕಾನೂನು ಪುಸ್ತಕ ಮತ್ತು ಒಂದು ಬಿಳೀ ಅಂಬಾಸಿಡರ್ ಕಾರು. ಮೇಡಂ ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಸಲಿಗೆಯಿಂದ ಕೇಳಿದರೆ, ‘ವಾಯಿದೆ ಹಾಕಿಸ್ತಾ ಬಂದೆ, ಕೊನೆಗೆ ಕೇಸೇ ಬಿದ್ದುಹೋಯ್ತು’ ಎನ್ನುತ್ತಿದ್ದರು. ಸ್ಟೀರಿಂಗಿನ ಮೇಲಿಂದ ರಸ್ತೆ ಕಾಣಲಿ ಎಂದು ಸೀಟಿನ ಮೇಲೆ ದಿಂಬು ಹಾಕಿಕೊಂಡು, ಕತ್ತು ಮುಂದೆ ಚಾಚಿ, ತಾವೇ ಓಡಿಸುತ್ತಿದ್ದರು.

ಅವರ ಬಳಿ ಬರುತ್ತಿದ್ದ ಕೇಸುಗಳಲ್ಲಿ ಹೆಚ್ಚಿನವು ತವರಿನ ಜಮೀನಿನಲ್ಲಿ ಪಾಲು ಕೇಳುವ ಹೆಂಗಸರವು. ಇಂಥ ಹೆಂಗಸನ್ನು ಕೋರ್ಟಿಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಯಾರೂ ಮುಂದೆ ಬರುವುದಿಲ್ಲ. ಗಂಡನಿಗೆ ಬಾಮೈದಂದಿರ ಎದುರು ನಿಲ್ಲಲು ಮುಜುಗರ. ಮಕ್ಕಳಿಗೆ ಸೋದರಮಾವನ ದಾಕ್ಷಿಣ್ಯ. ಹಳ್ಳಿಯ ಬಸ್ಸಿನ ಟೈಮಿಗೂ ಕೋರ್ಟಿನ ಟೈಮಿಗೂ ಹೊಂದುವುದೇ ಇಲ್ಲ. ಹೀಗಾಗಿ ಮೇಡಂ ತಾವೇ ಅವರ ಊರಿನ ಗೇಟಿಗೆ ಕಾರು ತಂದು ನಿಲ್ಲಿಸಿ, ಹಾರನ್ನು ಹೊಡೆದು, ಹತ್ತಿಸಿಕೊಂಡು ಹೋಗುತ್ತಿದ್ದರು. ಬುತ್ತಿ, ನೀರಿನ ಬಾಟಲು, ಎಲೆಅಡಿಕೆ ಚೀಲ, ಜೊತೆಗೆ ಧೈರ್ಯಕ್ಕೆಂದು ಬಂದ ನಾದಿನಿ, ಓರಗಿತ್ತಿ, ಎಲ್ಲರೂ ಹಿಂದಿನ ಸೀಟಿನಲ್ಲಿ ಒತ್ತೊತ್ತಿ ಕೂರುತ್ತಿದ್ದರು.

ಕಾರಿನ ಹಳೇ ಎಂಜಿನ್ನು ಈ ಭಾರ ಹೊತ್ತು ಹೊತ್ತು ಸೋತಿತ್ತು. ಸಾಲಗಾಮೆ ಕಡೆಯಿಂದ ಹಾಸನದ ಕೋರ್ಟಿಗೆ ಒಂದು ತುಂಬು ಸಂಸಾರವನ್ನು ತುಂಬಿಕೊಂಡು ಬರುವಾಗ, ಸಣ್ಣದೊಂದು ಏರಿನಲ್ಲಿ ಹೊಗೆ ಬಿಟ್ಟು ನಿಂತಿತು. ಮತ್ತೆ ಏಳಲಿಲ್ಲ. ಹಾಸನದಲ್ಲಿ ಪುಟ್ಟರಾಜು ಎಂಬ ಮೆಕ್ಯಾನಿಕ್ ಇದ್ದ. ಅವನ ಶೆಡ್ಡಿಗೆ ಕಾರನ್ನು ಎಳೆಸಿ ತಂದೆವು. ಅವನು ಬಾನೆಟ್ ಎತ್ತಿ ನೋಡಿ, ಇಳಿಸಿ, ಕೈ ಒರೆಸಿಕೊಂಡ.

‘ಇದ್ರಲ್ಲಿ ಇನ್ನೇನೂ ಉಳ್ದಿಲ್ಲ ಮೇಡಂ. ಮಾರ್ಬುಡಿ. ಸಣ್ಣದೊಂದು ಹೊಸ ಕಾರು ತಕಳಿ.’

‘ಸಣ್ಣ ಕಾರಲ್ಲಿ ನನ್ನ ಕಕ್ಷಿದಾರರು ಹಿಡೀತಾರೇನೋ?’

ಪುಟ್ಟರಾಜು ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ಕೂತಿದ್ದ ಕಕ್ಷಿದಾರರನ್ನು ಒಮ್ಮೆ ನೋಡಿದ. ‘ಅಂಗಾರೆ ಒಂದ್ ಕೆಲ್ಸ ಮಾಡವಾ. ಇಲ್ಲೇ ಮಿನಿ ಲಾರಿದೊಂದು ಎಂಜಿನ್ ಬಿದ್ದದೆ. ಲಾರಿ ಓಯ್ತು, ಎಂಜಿನ್ನು ಕಲ್ಲಿದ್ದಂಗದೆ. ಅದ್ನೇ ಕೂರ್ಸನಾ?’

ಅವನು ತಮಾಷೆಗೇ ಹೇಳಿದ್ದು. ತಮಾಷೆಗೇ ಹೇಳಿದೆನೆಂದು ಆಮೇಲೆ ಎಷ್ಟೋ ಸಲ ನನ್ನ ಹತ್ತಿರ ಹಲುಬಿದ್ದಾನೆ. ಮೇಡಂ ಮಾತ್ರ ಗಂಭೀರವಾಗಿ ಆ ಎಂಜಿನ್ನಿನ ಬಳಿ ಹೋದರು. ಅದರ ಸುತ್ತಳತೆಯನ್ನು ಕೊಡೆಯಿಂದ ಅಳೆದರು. ಬಂದು ಕಾರನ್ನೂ ಅಳೆದರು.

‘ಕೂರುತ್ತಾ?’

‘ಕೂರ್ಸುದ್ರೆ ಕೂರ್ತದೆ’ ಎಂದ ಪುಟ್ಟರಾಜು, ಬಾಯಿ ತಪ್ಪಿ.

ಕೂರಿಸಲು ಅವನಿಗೆ ಒಂದು ಮಳೆಗಾಲ ಹಿಡಿಯಿತು. ಒಳಗಿನ ತಗಡನ್ನು ಬಡಿದು ಹಿಂದಕ್ಕೆ ಸರಿಸಿದ. ರೇಡಿಯೇಟರನ್ನು ಮುಂದಿನ ಜಾಲರಿಗೆ ಅಂಟುವಷ್ಟು ಮುಂದಕ್ಕೆ ತಳ್ಳಿದ. ಎಂಜಿನ್ ಬದಲಾದದ್ದನ್ನು ದಾಖಲೆಗೆ ಸೇರಿಸಲೇಬೇಕೆಂದು ಮೇಡಂ ಪಟ್ಟು ಹಿಡಿದರು. ತಪಾಸಣೆಗೆ ಬಂದ ಆರ್.ಟಿ.ಓ. ಇನ್ಸ್‌ಪೆಕ್ಟರು ಕಾರಿಗೆ ಪ್ರದಕ್ಷಿಣೆ ಬಂದು, ಬಾನೆಟ್ ತೆಗೆಸಿ, ಬಹಳ ಹೊತ್ತು ನೋಡಿ, ‘ಕಾನೂನು ಆಮೇಲೆ ನೋಡೋಣ ಮೇಡಂ, ಇದು ಒಳಗೆ ಹೋದದ್ದು ಹೇಗೆ?’ ಎಂದರು.

ಆ ಕಾರು ಬರುವುದನ್ನು ನೀವು ಕೇಳಬೇಕಿತ್ತು. ಹಿಂದೆ ಲಾರಿ ಬಂತೆಂದು ಎತ್ತಿನ ಗಾಡಿ, ಸೈಕಲ್ಲು ಎಲ್ಲ ರಸ್ತೆಯ ಪಕ್ಕಕ್ಕೆ ಸರಿಯುತ್ತಿದ್ದವು. ತಿರುಗಿ ನೋಡಿದರೆ ದಿಂಬಿನ ಮೇಲೆ ಕೂತ ಮೇಡಂ. ಏರು, ಭಾರ, ಯಾವುದೂ ಅದಕ್ಕೆ ಲೆಕ್ಕವಿರಲಿಲ್ಲ. ಒಂದೇ ತೊಂದರೆ. ಲಾರಿಯ ಎಂಜಿನ್ನಿಗೆ ಲಾರಿಯಷ್ಟು ಗಾಳಿ ಬೇಕು, ಲಾರಿಯಷ್ಟು ನೀರು ಬೇಕು. ಕಾರಿನ ಮೂತಿಯಲ್ಲಿ ಅಷ್ಟಕ್ಕೆ ಜಾಗವಿಲ್ಲ. ಸ್ವಲ್ಪ ದೂರ ಓಡುವುದರೊಳಗೆ ನೀರು ಕುದಿಯುತ್ತಿತ್ತು.

ಹಾಗೆ ನನ್ನ ವಕೀಲಿ ವೃತ್ತಿ ಆರಂಭವಾದದ್ದು ಮುಳ್ಳು ನೋಡುವುದರಿಂದ. ಸ್ಟೀರಿಂಗಿನ ಹಿಂದೆ ಬಿಸಿ ತೋರಿಸುವ ಪುಟ್ಟ ಮುಳ್ಳೊಂದಿತ್ತು. ದಿಂಬಿನ ಮೇಲೆ ಕೂತವರಿಗೆ ಅದು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನಾನು ಬಗ್ಗಿ ಬಗ್ಗಿ ನೋಡಿ ಹೇಳಬೇಕು.

‘ಮುಳ್ಳು ಎಲ್ಲಿದೆ?’

‘ಅರ್ಧದಲ್ಲಿದೆ ಮೇಡಂ.’

‘ಈಗ?’

‘ಅರ್ಧಕ್ಕಿಂತ ಸ್ವಲ್ಪ ಮೇಲೆ.’

‘ಸ್ವಲ್ಪ ಅಂದ್ರೆ ಎಷ್ಟು? ಸಾಕ್ಷಿ ಹೇಳೋನು ಸ್ವಲ್ಪ ಅನ್ನಬಾರದು ಕಣಪ್ಪ.’

ಡಿಕ್ಕಿಯಲ್ಲಿ ಫೈಲಿಗಿಂತ ನೀರಿನ ಕ್ಯಾನುಗಳೇ ಹೆಚ್ಚು. ಅವೂ ಮುಗಿದರೆ ದಾರಿಯಲ್ಲಿ ಕಂಡ ಪಂಪ್‌ಸೆಟ್ಟಿನ ಮುಂದೆ ನಿಲ್ಲುತ್ತಿದ್ದೆವು. ಅರಕಲಗೂಡಿನ ದಾರಿಯಲ್ಲಿ ಒಬ್ಬ ಮುದುಕಪ್ಪ ನಮ್ಮನ್ನು ಕಂಡ ತಕ್ಷಣ ಮೋಟಾರು ಹಾಕಿ, ‘ಕಾರ್ಗಾ, ನಿಮ್ಗಾ ಲಾಯ್ರಮ್ಮ?’ ಎಂದು ಕೇಳುತ್ತಿದ್ದ. ‘ಮೊದಲು ಕಾರಿಗೆ’ ಎನ್ನುತ್ತಿದ್ದರು ಮೇಡಂ.

ಒಮ್ಮೆ ಅರಕಲಗೂಡಿನ ಬಸ್ ಸ್ಟ್ಯಾಂಡಿನ ಎದುರಿಗೇ ಕುದಿಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು ಕಾರೇ ಕಾಣದಾಯಿತು. ಬೆಂಕಿ ಬಿತ್ತೆಂದು ಜನ ಓಡಿಬಂದರು. ಪೆಟ್ರೋಲ್ ಬಂಕಿನಿಂದ ಒಬ್ಬ ಮರಳಿನ ಬಕೀಟು ಎತ್ತಿಕೊಂಡೇ ಬಂದ. ಹಬೆ ತಿಳಿಯಾದ ಮೇಲೆ ನೋಡಿದರೆ ಮೇಡಂ ಸೀಟಿನಲ್ಲಿ ಕೂತು ಡಬ್ಬಿ ಬಿಚ್ಚಿ ಮೊಸರನ್ನ ತಿನ್ನುತ್ತಿದ್ದರು. ಒಬ್ಬ ಹುಮ್ಮಸ್ಸಿನಲ್ಲಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದ. ಮೇಡಂ ಕಿಟಕಿಯಿಂದಲೇ ತಡೆದರು. ‘ಮುಟ್ಟಬೇಡಪ್ಪ. ಆರೋ ತನಕ ಮುಚ್ಚಳ ತೆಗೀಬಾರದು. ಎಂಜಿನ್ನಿಗೂ ಅಷ್ಟೆ, ಕಕ್ಷಿದಾರನಿಗೂ ಅಷ್ಟೆ.’ ಇದು ಬರೀ ಮಾತಲ್ಲ. ಅಣ್ಣನ ಮೇಲೆ ಕೆಂಡ ಕಾರುತ್ತ ಬಂದ ಹೆಂಗಸಿಗೆ ಮೊದಲು ಕಾಫಿ ಕೊಟ್ಟು, ಮಗಳ ಬಾಣಂತನದ ವಿಷಯ ಕೇಳಿ, ಅವಳು ತಣ್ಣಗಾದ ಮೇಲೇ ಪಹಣಿ ಎಲ್ಲಿದೆ ಎಂದು ಕೇಳುತ್ತಿದ್ದರು.

ಈ ಕುದಿಯುವಿಕೆ ನಮಗೆಲ್ಲ ನಗುವ ವಿಷಯವಾಗಿತ್ತು, ಲಕ್ಕಮ್ಮನವರ ಕೇಸಿನವರೆಗೆ.

ಲಕ್ಕಮ್ಮ ಹೊಳೆನರಸೀಪುರದ ಪಕ್ಕದ ಹಳ್ಳಿಗೆ ಕೊಟ್ಟಿದ್ದ ಹೆಣ್ಣುಮಗಳು. ತವರು ನುಗ್ಗೇಹಳ್ಳಿ ಕಡೆ. ಅಪ್ಪನ ತೆಂಗಿನ ತೋಟದಲ್ಲಿ ಪಾಲು ಬೇಕೆಂದು ತಮ್ಮಂದಿರ ಮೇಲೆ ಚನ್ನರಾಯಪಟ್ಟಣದ ಕೋರ್ಟಿನಲ್ಲಿ ದಾವೆ ಹಾಕಿದ್ದರು. ಗಂಡ ತೀರಿಹೋಗಿದ್ದ. ತಮ್ಮಂದಿರ ಪರ ವಕೀಲರು ಅರಕಲಗೂಡಿನವರು. ಎತ್ತರದ ಆಳು, ಕಂಚಿನ ಕಂಠ, ಇಸ್ತ್ರಿ ಮುರಿಯದ ಕೋಟು. ಲಕ್ಕಮ್ಮನವರ ಸಾಕ್ಷಿಗೆಂದು ಇಟ್ಟಿದ್ದ ದಿನಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹೋಗಿ, ನ್ಯಾಯಾಧೀಶರು ಇದೇ ಕಡೆಯ ಅವಕಾಶ ಎಂದು ಹೇಳಿದ್ದರು. ಆ ಕಡೆಯ ಅವಕಾಶದ ದಿನ ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡುವೆ, ಹತ್ತಿರದಲ್ಲಿ ಒಂದು ಮನೆಯೂ ಇಲ್ಲದ ಕಡೆ, ಕಾರು ಕುದಿದು ನೀರಿನ ಪೈಪೇ ಸೀಳಿಹೋಯಿತು. ಮೇಡಂ ಚನ್ನರಾಯಪಟ್ಟಣದ ಪರಿಚಯದ ವಕೀಲರಿಗೆ ಫೋನು ಮಾಡಿದರು. ಅವರು ಇನ್ನೊಂದು ಕೋರ್ಟ್ ಹಾಲಿನಲ್ಲಿ ವಾದ ಮಾಡುತ್ತಿದ್ದರು, ಫೋನು ಆಫ್ ಆಗಿತ್ತು. ನಾನು ಪೈಪಿಗೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿ, ನಿಂತು ನಿಂತು ಹೋಗಿ, ನಾವು ಕೋರ್ಟು ಮುಟ್ಟಿದಾಗ ಊಟದ ಹೊತ್ತು. ಬೆಳಿಗ್ಗೆ ಕೇಸು ಕೂಗಿದ್ದರು. ದಾವೆ ಹೂಡಿದವರೂ ಇಲ್ಲ, ಅವರ ವಕೀಲರೂ ಇಲ್ಲ. ವಜಾ.

ಕೋರ್ಟಿನ ಜಗಲಿಯಲ್ಲಿ ಮೇಡಂ ಅದನ್ನು ಲಕ್ಕಮ್ಮನವರಿಗೆ ಹೇಳಿದರು. ಆಕೆಗೆ ಅರ್ಥವಾಗಲಿಲ್ಲ.

‘ನಾ ಬಂದಿವ್ನಲ್ಲವ್ವ. ಇಲ್ಲೇ ನಿಂತಿವ್ನಲ್ಲ’ ಎಂದರು.

‘ಕೂಗಿದಾಗ ಇರಲಿಲ್ಲ, ಲಕ್ಕಮ್ಮ.’

‘ಈಗ ಇನ್ನೊಂದ್ಸಲ ಕೂಗ್ಲಿ ಬುಡಿ.’

ಮೇಡಂ ಆಕೆಯ ಕೈ ಹಿಡಿದು ಕಾರಿನ ಕಡೆಗೆ ನಡೆಸಿಕೊಂಡು ಹೋದರು. ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಮುಳ್ಳು ಎಲ್ಲಿದೆ ಎಂದು ಕೇಳಲಿಲ್ಲ. ನಾನೇ ಆಗಾಗ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ವಜಾ ಆದ ಕೇಸನ್ನು ಮತ್ತೆ ತೆಗೆದುಕೊಳ್ಳಿ ಎಂದು ಅರ್ಜಿ ಹಾಕಬೇಕು. ಗೈರುಹಾಜರಾದದ್ದಕ್ಕೆ ಕಾರಣವನ್ನು ಪ್ರಮಾಣ ಮಾಡಿ ಬರೆಯಬೇಕು. ನಮ್ಮ ಆಫೀಸಿನ ಗುಮಾಸ್ತರು ಇಂಥದ್ದರಲ್ಲಿ ಪಳಗಿದವರು. ‘ಜ್ವರ ಅಂತ ಹಾಕ್ಬುಡಿ ಮೇಡಂ. ಡಾಕ್ಟ್ರು ಗೊತ್ತಿರೋರೇ ಅವ್ರೆ’ ಎಂದರು.

‘ಜ್ವರ ಬಂದದ್ದು ನನಗಲ್ವಲ್ಲ, ಕಾರಿಗೆ. ಯಾರಿಗೆ ಬಂತೋ ಅವರ ಹೆಸರೇ ಇರಲಿ’ ಎಂದು ಮೇಡಂ ಕಾರಿನ ಕಥೆಯನ್ನೇ ಬರೆಸಿದರು. ಅದನ್ನು ಟೈಪು ಮಾಡಿದ ಹುಡುಗಿ ರೇಡಿಯೇಟರ್ ಎಂಬಲ್ಲೆಲ್ಲ ರಿಜಿಸ್ಟ್ರಾರ್ ಎಂದು ಹೊಡೆದಿದ್ದಳು. ರಿಜಿಸ್ಟ್ರಾರ್ ಸೋರುತ್ತಿದ್ದರೆಂದು ಪ್ರಮಾಣ ಮಾಡುವುದು ತಪ್ಪಿತು, ಸದ್ಯ.

ಅರ್ಜಿ ವಿಚಾರಣೆಗೆ ಬರುವ ಮೊದಲು ಕಾರು ಸರಿಯಾಗಬೇಕೆಂದು ಮೇಡಂ ಹಟ ತೊಟ್ಟರು. ಕೋರ್ಟಿಗೆ ರಜೆಯಿದ್ದ ದಿನವೆಲ್ಲ ನಾವು ಪುಟ್ಟರಾಜುವಿನ ಶೆಡ್ಡಿನಲ್ಲಿ. ಅವನೂ ತಲೆ ಕೆಡಿಸಿಕೊಂಡಿದ್ದ. ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಬಿರಡೆಯಂಥದ್ದು ಇರುತ್ತದೆ. ಅದು ನೀರನ್ನು ತಡೆಯುತ್ತದೆಂದು ಅದನ್ನೇ ಕಿತ್ತುಹಾಕಿದ. ಬೆಳಿಗ್ಗೆ ಎಂಜಿನ್ನು ಬೆಚ್ಚಗಾಗುವುದೇ ಕಷ್ಟವಾಯಿತು, ಮಧ್ಯಾಹ್ನ ಮೊದಲಿಗಿಂತ ಬೇಗ ಕುದಿಯಿತು. ಮತ್ತೆ ಹಾಕಿದ. ಬಿಸಿ ಗಾಳಿ ಹೊರಗೆ ಹೋಗಲೆಂದು ಬಾನೆಟ್ಟಿನ ಹಿಂದಿನ ಅಂಚಿಗೆ ರಬ್ಬರ್ ತುಂಡು ಕೊಟ್ಟು ಎತ್ತಿದ. ಹಬೆಯೆಲ್ಲ ಮುಂದಿನ ಗಾಜಿಗೆ ಹೊಡೆದು, ಮೇಡಂ ರಸ್ತೆ ಕಾಣದೆ ಒಬ್ಬರ ರಾಗಿ ಕಣಕ್ಕೆ ಕಾರು ನುಗ್ಗಿಸಿದರು. ಕಣದ ಯಜಮಾನ ಜಗಳಕ್ಕೆ ಬಂದವನು, ಕಾರಿನಿಂದ ಇಳಿದವರನ್ನು ನೋಡಿ, ‘ಲಾಯ್ರಮ್ನೋರಾ? ನಮ್ ಅಕ್ಕನ ಕೇಸು ಎಲ್ಲೀಗ್ ಬಂತು?’ ಎಂದು ವಿಚಾರಿಸತೊಡಗಿದ.

ಒಂದು ಭಾನುವಾರ ಮೇಡಂ ಎಂಜಿನ್ ಓಡುತ್ತಿದ್ದಾಗ ಕಾರಿನ ಎದುರು ನಿಂತು ಸುಮ್ಮನೆ ನೋಡುತ್ತಿದ್ದರು. ಆಮೇಲೆ ಬ್ಯಾಗಿನಿಂದ ಒಂದು ರದ್ದಿ ಹಾಳೆ ತೆಗೆದು ರೇಡಿಯೇಟರಿನ ಮುಂದೆ ಹಿಡಿದರು. ನಡುವೆ ಹಿಡಿದರೆ ಒಳಗಿನ ಫ್ಯಾನು ಎಳೆದ ಗಾಳಿಗೆ ಹಾಳೆ ಅಂಟಿಕೊಂಡು ನಿಂತಿತು. ಮೂಲೆಗೆ ಹಿಡಿದು ಬಿಟ್ಟರೆ ಕೆಳಗೆ ಬಿತ್ತು. ಇನ್ನೊಂದು ಮೂಲೆಯಲ್ಲೂ ಬಿತ್ತು.

‘ಪುಟ್ಟರಾಜು, ನಿನ್ನ ಫ್ಯಾನು ನಡುವಿನ ಗಾಳಿ ಮಾತ್ರ ಎಳೀತಿದೆ ಕಣೋ. ಮೂಲೆಗಳೆಲ್ಲ ಸುಮ್ಮನೆ ಕೂತಿವೆ.’

ಪುಟ್ಟರಾಜು ತಾನೂ ಒಂದು ಹಾಳೆ ಹಿಡಿದು ನೋಡಿದ. ಮುಖ ಅರಳಿತು. ‘ಅಂಗಾರೆ ಫ್ಯಾನಿನ ಸುತ್ತ ತಗಡಲ್ಲಿ ಗೂಡು ಕಟ್ಬುಡವಾ. ಗಾಳಿ ಎಲ್ಲಾ ಕಡೆಯಿಂದ್ಲೂ ಬರ್ಲೇಬೇಕು, ಬ್ಯಾರೆ ದಾರೀನೇ ಇರಕ್ಕಿಲ್ಲ’ ಎಂದು ಎಣ್ಣೆ ಡಬ್ಬದ ತಗಡು ಕತ್ತರಿಸಲು ಕೂತ. ಹೊರಗೆ ಸೂರ್ಯಕಾಂತಿ ಹೂವಿನ ಚಿತ್ರವಿದ್ದ ಆ ಗೂಡನ್ನು ಕೂರಿಸಿದ ಮೇಲೆ ಮುಳ್ಳು ಮೊದಲ ಬಾರಿಗೆ ಹಾಸನದಿಂದ ಹೊಳೆನರಸೀಪುರದವರೆಗೂ ಅರ್ಧ ದಾಟಲಿಲ್ಲ. ಆ ಖುಷಿಯಲ್ಲಿ ಪುಟ್ಟರಾಜು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಊಟಿಯ ಕಡೆಯ ಯಾವುದೋ ಗುಜರಿ ಕಾರಿನಿಂದ ಹೀಟರ್ ಒಂದನ್ನು ತಂದ.

‘ಏರಲ್ಲಿ ಮುಳ್ಳು ಹತ್ತುದ್ರೆ ಇದ್ನ ಆನ್ ಮಾಡಿ ಮೇಡಂ. ಎಂಜಿನ್ ಬಿಸೀನೆಲ್ಲ ಒಳೀಕ್ ಎಳ್ಕಂಡ್ಬುಡ್ತದೆ.’

‘ಒಳಗೆ ಅಂದ್ರೆ ಎಲ್ಲಿಗೆ?’

‘ನಿಮ್ ಕಾಲ್ತಾವ್ಕೆ’ ಎಂದ, ಸ್ವಲ್ಪ ಹಿಂಜರಿದು.

ಅರ್ಜಿ ವಿಚಾರಣೆಯ ದಿನ ಅರಕಲಗೂಡಿನ ವಕೀಲರು ಭರ್ಜರಿಯಾಗಿ ಆಕ್ಷೇಪಿಸಿದರು. ‘ಸ್ವಾಮಿ, ಕಾರಿಗೆ ಲಾರಿಯ ಎಂಜಿನ್ ಹಾಕಿಸಿಕೊಂಡವರಿಗೆ ಅದು ಕುದಿಯುತ್ತೆ ಅಂತ ಗೊತ್ತಿರಬೇಕು. ಇದು ಆಕಸ್ಮಿಕ ಅಲ್ಲ, ಸ್ವಯಂಕೃತ. ಈ ಕಥೆಯನ್ನು ನಂಬೋದೂ ಕಷ್ಟ’ ಎಂದರು. ಹಾಲಿನಲ್ಲಿ ನಗು ಎದ್ದಿತು. ನ್ಯಾಯಾಧೀಶರು ನಗಲಿಲ್ಲ. ಅವರು ಮೇಡಂ ಅವರ ಪ್ರಮಾಣ ಪತ್ರವನ್ನು ಎರಡನೇ ಸಲ ಓದುತ್ತಿದ್ದರು. ಕನ್ನಡಕ ತೆಗೆದು ಕೇಳಿದರು.

‘ಥರ್ಮೋಸ್ಟಾಟ್ ತೆಗೆಸಿದ್ರಾ?’

‘ತೆಗೆಸಿದ್ದೆ ಸ್ವಾಮಿ. ತಪ್ಪಾಯ್ತು. ವಾಪಸ್ ಹಾಕಿಸಿದೀನಿ.’

‘ನಮ್ಮ ತಂದೆಯವರೂ ಜೀಪಿಗೆ ಅದೇ ತಪ್ಪು ಮಾಡಿದ್ರು. ಫ್ಯಾನಿಗೂ ರೇಡಿಯೇಟರಿಗೂ ಎಷ್ಟು ದೂರ?’

‘ಒಂದು ಗೇಣು. ಈಗ ಸುತ್ತ ತಗಡು ಕಟ್ಟಿಸಿದೀನಿ.’

ಅರಕಲಗೂಡಿನ ವಕೀಲರು ಎದ್ದು ನಿಂತರು. ‘ಸ್ವಾಮಿ, ನನ್ನ ಆಕ್ಷೇಪಣೆ ಏನಂದ್ರೆ...’

‘ಕೂತ್ಕೊಳ್ಳಿ. ಎಂಜಿನ್ ವಿಷಯ ನಡೀತಿದೆ’ ಎಂದರು ನ್ಯಾಯಾಧೀಶರು.

ಅರ್ಜಿ ಮಂಜೂರಾಯಿತು. ಕೇಸು ಮತ್ತೆ ಜೀವ ಪಡೆಯಿತು. ಇನ್ನೊಂದು ಸಲ ಕುದಿದರೆ ತಮ್ಮ ಕೈಯಲ್ಲೂ ಏನೂ ಆಗುವುದಿಲ್ಲವೆಂದು ನ್ಯಾಯಾಧೀಶರು ಹೇಳಿಯೇ ಕಳಿಸಿದರು.

ಆಮೇಲೆ ಲಕ್ಕಮ್ಮನವರ ಸಾಕ್ಷಿ ಆಯಿತು. ಪಾಟೀಸವಾಲಿನಲ್ಲಿ ಅರಕಲಗೂಡಿನ ವಕೀಲರು ಆಕೆಯನ್ನು ಸುಳ್ಳು ಹೇಳುತ್ತಿದ್ದೀರೆಂದು ಗದರಿಸಿ ಕಣ್ಣಲ್ಲಿ ನೀರು ತರಿಸಿದರು. ಕೊನೆಯ ವಾದಕ್ಕೆ ದಿನ ಗೊತ್ತಾದದ್ದು ಬೇಸಗೆ ರಜೆಗೆ ಮುಂಚೆ, ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ. ನ್ಯಾಯಾಧೀಶರಿಗೆ ವರ್ಗಾವಣೆಯಾಗಿತ್ತು. ಅವತ್ತು ಎರಡೂ ಕಡೆಯ ವಾದ ಮುಗಿದರೆ ಅವರೇ ತೀರ್ಪು ಕೊಟ್ಟು ಹೋಗುತ್ತಿದ್ದರು. ಇಲ್ಲದಿದ್ದರೆ ಮುಂದೆ ಬರುವವರು ಬರಬೇಕು, ಕಟ್ಟು ಬಿಚ್ಚಬೇಕು, ಮತ್ತೆ ಮೊದಲಿಂದ ಕೇಳಬೇಕು. ಲಕ್ಕಮ್ಮನವರಿಗೆ ಆಗಲೇ ಎಪ್ಪತ್ತರ ಮೇಲಾಗಿತ್ತು.

ಮುಂದೆ ಮೇಡಂ ಮತ್ತು ನಾನು, ಹಿಂದೆ ಲಕ್ಕಮ್ಮ. ಹೊಳೆನರಸೀಪುರ ದಾಟಿ ಒಂದಷ್ಟು ದೂರ ಬಂದಿದ್ದೆವು. ರಸ್ತೆಯ ಪಕ್ಕದಲ್ಲಿ ಥಳಥಳಿಸುವ ಹೊಸ ಕಾರೊಂದು ನಿಂತಿತ್ತು. ಅದರ ಪಕ್ಕ ಕೋಟು ತೊಟ್ಟು, ಫೈಲನ್ನು ತಲೆಯ ಮೇಲೆ ಬಿಸಿಲಿಗೆ ಅಡ್ಡ ಹಿಡಿದು, ಅರಕಲಗೂಡಿನ ವಕೀಲರು ನಿಂತಿದ್ದರು. ಮೇಡಂ ವೇಗ ತಗ್ಗಿಸಿದರು.

‘ಬಿಟ್ಟುಬಿಡಿ ಮೇಡಂ. ಅವರು ಬರದೇ ಇದ್ರೆ ನಮಗೇ ಒಳ್ಳೇದಲ್ವಾ?’ ಎಂದೆ.

‘ಅವರು ಬರದೇ ಇದ್ರೆ ಇವತ್ತು ವಾದ ಮುಗಿಯಲ್ಲ. ಏಕಪಕ್ಷೀಯವಾಗಿ ಆಯ್ತು ಅಂತ ನಾಳೆ ಅವರೂ ಒಂದು ಅರ್ಜಿ ಹಾಕ್ತಾರೆ. ಅದರಲ್ಲಿ ಅವರ ಕಾರಿನ ಕಥೆ ಇರುತ್ತೆ. ಹಿಂದಿನ ಬಾಗಿಲು ತೆಗಿ.’

ವಕೀಲರು ಹತ್ತಿರ ಬಂದು ಬಗ್ಗಿ ನೋಡಿದರು. ‘ಅದೇನೋ ಕೆಂಪು ಲೈಟು ಬಂದು ನಿಂತೋಯ್ತು ಮೇಡಂ. ಕಂಪ್ಯೂಟರ್ ತಂದು ನೋಡಬೇಕಂತೆ’ ಎಂದರು. ಅವರ ಕಂಚಿನ ಕಂಠ ಆಗ ಸ್ವಲ್ಪ ಬಿರುಕು ಬಿಟ್ಟಿತ್ತು.

ಲಕ್ಕಮ್ಮ ಅವರನ್ನೇ ನೋಡಿದರು. ‘ನನ್ನ ಸುಳ್ಳಿ ಅಂದೋರು ಇವ್ರೇ ಅಲ್ವಾ ಲಾಯ್ರಮ್ಮ?’

‘ಹೌದು, ಇವರೇ.’

ಲಕ್ಕಮ್ಮ ಎಲೆಅಡಿಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆಚೆಗೆ ಸರಿದರು. ‘ಬನ್ನಿ ಸಾ, ಕೂತ್ಕಳಿ. ಬಿಸ್ಲಾಗೆ ಎಷ್ಟೊತ್ತಿಂದ ನಿಂತಿದ್ರೋ ಏನೋ.’

ಸ್ವಲ್ಪ ದೂರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಉದ್ದನೆಯ ಏರು. ನಮ್ಮ ಮುಂದೆ ತೆಂಗಿನಕಾಯಿ ತುಂಬಿದ ಲಾರಿ ಆಮೆಯಂತೆ ಹತ್ತುತ್ತಿತ್ತು. ದಾಟಲು ಜಾಗವಿಲ್ಲ. ವೇಗವಿಲ್ಲದೆ ಗಾಳಿಯಿಲ್ಲ. ಮುಳ್ಳು ಅರ್ಧ ದಾಟಿತು, ಮುಕ್ಕಾಲಿಗೆ ಬಂತು. ನಾನು ಹೇಳುತ್ತಲೇ ಇದ್ದೆ. ಮೇಡಂ ರಸ್ತೆಯಿಂದ ಕಣ್ಣು ಕೀಳದೆ, ‘ಹೀಟರ್ ಹಾಕು. ಪೂರ್ತಿ’ ಎಂದರು.

‘ಏನ್ ಹಾಕೋದು?’ ಎಂದರು ಹಿಂದಿನಿಂದ ವಕೀಲರು.

ಗಾಳಿ ನುಗ್ಗಿತು. ಒಲೆಯ ಬಾಯಿ ತೆರೆದಂತಾಯಿತು. ಪುಟ್ಟರಾಜು ಹಿಂದಿನವರ ಕಾಲಿಗೂ ತಲುಪಲೆಂದು ಅದಕ್ಕೊಂದು ಕೊಳವೆ ಕೊಟ್ಟಿದ್ದ. ವಕೀಲರು ಬೂಟು ಸಮೇತ ಎರಡೂ ಕಾಲನ್ನು ಮೇಲಕ್ಕೆತ್ತಿಕೊಂಡರು.

‘ಮೇಡಂ, ಏಪ್ರಿಲ್ ತಿಂಗಳಲ್ಲಿ ಹೀಟರಾ?’

‘ಅದು ನಮಗಲ್ಲ, ಎಂಜಿನ್ನಿಗೆ. ಕಿಟಕಿ ಇಳಿಸಿಕೊಳ್ಳಿ.’

ವಕೀಲರು ಮೊದಲು ಕೋಟು ಬಿಚ್ಚಿದರು. ಆಮೇಲೆ ಕೊರಳ ಬಿಳಿ ಪಟ್ಟಿ. ಆಮೇಲೆ ಬೂಟು ಕಳಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಂಗಿ ಬೆನ್ನಿಗೆ ಅಂಟಿತ್ತು. ಲಕ್ಕಮ್ಮನವರಿಗೆ ನೋಡಲಾಗಲಿಲ್ಲ. ನಡುವೆ ಬಿದ್ದಿದ್ದ ಫೈಲನ್ನು ಎತ್ತಿಕೊಂಡು ಅವರಿಗೆ ಬೀಸತೊಡಗಿದರು. ಅದು ಲಕ್ಕಮ್ಮನವರಿಗೆ ಬಿಡಿಗಾಸಿನ ಪಾಲೂ ಸಲ್ಲುವುದಿಲ್ಲವೆಂಬ ವಾದವೆಲ್ಲ ಇದ್ದ ಫೈಲು.

‘ಬುಡಮ್ಮ, ಬುಡಮ್ಮ’ ಎಂದರು ವಕೀಲರು, ಸಂಕೋಚದಿಂದ ಹಳ್ಳಿಯ ಮಾತಿಗೆ ಇಳಿದು.

‘ಇರ್ಲಿ ಕಣಪ್ಪ. ನಮ್ ದೊಡ್ ತಮ್ಮನೂ ಇಂಗೇ, ಸೆಕೆ ತಡೀನಾರ.’

ದೊಡ್ಡ ತಮ್ಮ ಎಂದರೆ ಈ ವಕೀಲರ ಕಕ್ಷಿದಾರನೇ. ಮುಳ್ಳು ಮುಕ್ಕಾಲಿನಲ್ಲಿ ನಿಂತು, ಅಲ್ಲಾಡಿ, ನಿಧಾನವಾಗಿ ಇಳಿಯಿತು. ಏರು ಮುಗಿಯುವ ಹೊತ್ತಿಗೆ ವಕೀಲರು ಮುಂದಕ್ಕೆ ಬಗ್ಗಿ ಹೇಳಿದರು. ‘ಮೇಡಂ, ನಿಮ್ಮ ಪ್ರಮಾಣ ಪತ್ರ ನಂಬೋದು ಕಷ್ಟ ಅಂದಿದ್ದೆ. ವಾಪಸ್ ತಗೋತೀನಿ.’

‘ದಾಖಲೆಗೆ ಹೋಗಿದೆ, ವಾಪಸ್ ತಗೊಳಕ್ಕಾಗಲ್ಲ’ ಎಂದರು ಮೇಡಂ.

ಕೇಸು ಕೂಗುವ ಹೊತ್ತಿಗೆ ನಾವೆಲ್ಲ ಹಾಜರಿದ್ದೆವು, ಸ್ನಾನ ಮಾಡಿ ಬಂದವರ ಹಾಗೆ. ವಕೀಲರು ಒದ್ದೆ ಅಂಗಿಯ ಮೇಲೆ ಕೋಟು ತೊಟ್ಟು, ಕಿಂಚಿತ್ತೂ ದಾಕ್ಷಿಣ್ಯವಿಲ್ಲದೆ, ಬಹಳ ಚೆನ್ನಾಗಿ ನಮ್ಮ ವಿರುದ್ಧ ವಾದ ಮಾಡಿದರು. ಮೇಡಂ ಅದಕ್ಕಿಂತ ಚೆನ್ನಾಗಿ ಮಾಡಿದರೆಂದು ನಾನು ಹೇಳಿದರೆ ಶಿಷ್ಯನ ಮಾತೆಂದುಕೊಳ್ಳುತ್ತೀರಿ. ನ್ಯಾಯಾಧೀಶರು ಹೋಗುವ ಮೊದಲು ತೀರ್ಪು ಕೊಟ್ಟರು. ಲಕ್ಕಮ್ಮನವರಿಗೆ ಪಾಲು ಸಿಕ್ಕಿತು. ತಮ್ಮಂದಿರು ಮೇಲಿನ ಕೋರ್ಟಿಗೆ ಹೋಗಲು ಓಡಾಡಿದರಂತೆ. ಅರಕಲಗೂಡಿನ ವಕೀಲರೇ, ‘ಅಕ್ಕನ ಜೊತೆ ಕೂತು ಮಾತಾಡಿ, ಒಳ್ಳೆಯವರು’ ಎಂದು ಹೇಳಿ ಕಳಿಸಿದರೆಂದು ಕೇಳಿದೆ. ತೋಟ ಅಳೆದು ಕೊಟ್ಟ ಮೇಲೆ ಲಕ್ಕಮ್ಮ ನಮ್ಮ ಡಿಕ್ಕಿಗೆ ತೆಂಗಿನಕಾಯಿ ತುಂಬಿಸಿದರು. ನೀರಿನ ಕ್ಯಾನು ಇಡಲು ಜಾಗವಿಲ್ಲದೆ ಅವುಗಳನ್ನು ನಾನು ಕಾಲ ಮೇಲಿಟ್ಟುಕೊಂಡು ಬಂದೆ.

ಕಡೆಯ ವರ್ಷಗಳಲ್ಲಿ ಮೇಡಂಗೆ ಕಣ್ಣು ಮಂಜಾಯಿತು. ಆಪರೇಷನ್ ಆದ ಮೇಲೂ ಡಾಕ್ಟರು ಕಾರು ಓಡಿಸಬಾರದೆಂದರು. ಒಂದು ಮಾತೂ ಎದುರಾಡದೆ ಅವರು ಕೀಲಿ ತಂದು ನನ್ನ ಕೈಗೆ ಕೊಟ್ಟರು. ಕೇಸುಗಳನ್ನೂ ಒಂದೊಂದಾಗಿ ನನಗೆ ದಾಟಿಸಿದರು. ನಾನು ಆಗಾಗ ಅವರನ್ನು ಅದೇ ಕಾರಿನಲ್ಲಿ ಸುತ್ತಾಡಿಸುತ್ತಿದ್ದೆ. ಈಗ ಅವರು ಎಡಗಡೆ. ದಿಂಬಿಲ್ಲದೆ ಕೂತರೆ ಅವರಿಗೆ ಮುಂದಿನ ಗಾಜಿನಲ್ಲಿ ಆಕಾಶ ಮಾತ್ರ ಕಾಣುತ್ತಿತ್ತು.

ಹೋದ ಬೇಸಗೆಯಲ್ಲಿ ಒಂದು ದಿನ, ಹಾಗೇ ಎಲ್ಲಾದರೂ ಹೋಗೋಣ ಎಂದರು. ಅರಕಲಗೂಡಿನ ರಸ್ತೆ ಹಿಡಿದೆ. ಬಿಸಿಲು ಜೋರಾಗಿತ್ತು. ಒಂದು ಏರಿನ ನಡುವೆ ಮುಳ್ಳು ಅರ್ಧ ದಾಟಿತು. ನಾನು ಹೇಳಲಿಲ್ಲ. ಆದರೂ ಎಂಜಿನ್ನಿನ ಸದ್ದಿನಲ್ಲೇ ಅವರಿಗೆ ಗೊತ್ತಾಗಿರಬೇಕು. ಹೀಟರಿಗೆಂದು ನಾನು ಚಾಚಿದ ಕೈಯನ್ನು ಹಿಡಿದುಕೊಂಡರು.

‘ಬೇಡ. ಪಕ್ಕಕ್ಕೆ ನಿಲ್ಲಿಸು.’

ಹುಣಸೆ ಮರದ ನೆರಳು ನೋಡಿ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದ ಮೇಲೂ ಒಳಗೆ ನೀರು ಗುಳುಗುಳು ಅನ್ನುತ್ತಿತ್ತು. ಮೇಡಂ ಬಾಗಿಲು ತೆರೆದು ಕಾಲನ್ನು ಹೊರಗೆ ಇಳಿಬಿಟ್ಟು ಕೂತರು. ಇಷ್ಟು ವರ್ಷದಲ್ಲಿ ಕುದಿಯುವ ಮೊದಲೇ ಅವರು ಕಾರು ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ.

‘ಮುಂದೆ ಹೋಗಬಹುದಿತ್ತು ಮೇಡಂ. ಹೀಟರ್ ಹಾಕಿದ್ರೆ ಇಳೀತಿತ್ತು’ ಎಂದೆ.

‘ಅವಸರ ಏನಪ್ಪ?’ ಎಂದರು. ‘ಇವತ್ತು ನಮ್ಮನ್ನ ಯಾರೂ ಕೂಗಲ್ಲ. ಅದು ಆರಲಿ.’